ಟ್ಯಾಂಕಿನ ಮಟ್ಟ ಅಳೆಯುವ ರೇಡಾರ್: ಕೆಲಸ ಮತ್ತು ಅಳವಡಿಕೆ

ಮುಚ್ಚಿದ ಟ್ಯಾಂಕಿನಲ್ಲಿ ದ್ರವ ಎಷ್ಟಿದೆ ಎಂಬುದನ್ನು ಅದನ್ನು ಮುಟ್ಟದೆಯೇ ತಿಳಿಯಲು ಕಾರ್ಖಾನೆಗಳಲ್ಲೂ ನೀರು ಶುದ್ಧೀಕರಣ ಘಟಕಗಳಲ್ಲೂ 80 ಗಿಗಾಹರ್ಟ್ಸ್ ರೇಡಾರ್ ಸೆನ್ಸರ್‌ಗಳನ್ನು ಬಳಸುತ್ತಾರೆ. ವಾಸ್ತವದಲ್ಲಿ ಇವು ಅಳೆಯುವುದು ಮಟ್ಟವನ್ನಲ್ಲ, ಸೆನ್ಸರ್‌ನಿಂದ ದ್ರವದ ಮೇಲ್ಮೈವರೆಗಿನ ದೂರವನ್ನು. ಟ್ಯಾಂಕಿನ ಎತ್ತರದಲ್ಲಿ ಆ ದೂರವನ್ನು ಕಳೆದರೆ ಮಟ್ಟ ಸಿಗುತ್ತದೆ. ಹೀಗಾಗಿ ಎತ್ತರದ ಅಂಕಿಯೇ ತಪ್ಪಿದ್ದರೆ, ಸೆನ್ಸರ್ ಎಷ್ಟೇ ದುಬಾರಿಯದಾದರೂ ಸುಳ್ಳನ್ನೇ ಹೇಳುತ್ತದೆ.

ದೂರವನ್ನು ಅಳೆಯುವ ಬಗೆ ಸ್ವಾರಸ್ಯಕರವಾಗಿದೆ. ಸೆನ್ಸರ್ ಹೊರಡಿಸುವ ಅಲೆಯ ಕಂಪನಾಂಕ ಒಂದೇ ಸಮನೆ ಏರುತ್ತಿರುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಅದು 4 ಗಿಗಾಹರ್ಟ್ಸ್ ಏರುತ್ತದೆ ಎಂದಿಟ್ಟುಕೊಳ್ಳೋಣ. 3 ಮೀಟರ್ ಕೆಳಗಿರುವ ನೀರಿಗೆ ಬಡಿದು ಮರಳಲು ಅಲೆಗೆ 20 ನ್ಯಾನೋಸೆಕೆಂಡ್ ಸಾಕು. ಆದರೆ ಅಷ್ಟರೊಳಗೆ ಹೊರಡುತ್ತಿರುವ ಅಲೆ, ಮರಳಿ ಬಂದ ಅಲೆಗಿಂತ 80 ಕಿಲೋಹರ್ಟ್ಸ್ ಮೇಲೇರಿರುತ್ತದೆ. 20 ನ್ಯಾನೋಸೆಕೆಂಡಿನ ಅವಧಿಯನ್ನು ನೇರವಾಗಿ, ನಿಖರವಾಗಿ ಅಳೆಯುವುದು ಕಷ್ಟ, 80 ಕಿಲೋಹರ್ಟ್ಸ್ ಅಳೆಯುವುದು ಸುಲಭ. ಜಾಣ್ಮೆಯೆಲ್ಲ ಇರುವುದು ಇಲ್ಲಿಯೇ.

ಕಂಪನಾಂಕ ಹೆಚ್ಚಿದಷ್ಟೂ, ಅದೇ ಗಾತ್ರದ ಆಂಟೆನಾದಿಂದ ಹೊರಡುವ ಅಲೆಯ ಹರವು ಕಿರಿದಾಗುತ್ತದೆ. 80 ಮಿಲಿಮೀಟರ್ ಆಂಟೆನಾದಿಂದ 26 ಗಿಗಾಹರ್ಟ್ಸ್ ಅಲೆ ಸುಮಾರು 10 ಡಿಗ್ರಿ ಹರಡಿದರೆ, 80 ಗಿಗಾಹರ್ಟ್ಸ್ ಅಲೆ ಹರಡುವುದು ಸುಮಾರು 3 ಡಿಗ್ರಿ ಮಾತ್ರ. 10 ಮೀಟರ್ ಆಳದಲ್ಲಿ ಮೊದಲಿನದು ಒಂದು ಮುಕ್ಕಾಲು ಮೀಟರ್ ಅಗಲದ ಜಾಗವನ್ನು ನೋಡುತ್ತದೆ, ಎರಡನೆಯದು ಅರ್ಧ ಮೀಟರನ್ನು. ಒಳಗಿನ ಏಣಿ, ಪೈಪುಗಳನ್ನು ತಪ್ಪಿಸಲು ಇದೇ ಅನುಕೂಲ.

ಕಾರುಗಳ ರೇಡಾರ್ ಬಳಸುವುದು ಇದಕ್ಕೆ ಹತ್ತಿರದ 76ರಿಂದ 81 ಗಿಗಾಹರ್ಟ್ಸ್ ವ್ಯಾಪ್ತಿಯನ್ನು. ಅಲ್ಲಿ ದೂರದ ಜೊತೆಗೆ ವೇಗವೂ ಬೇಕು: ಎದುರಿನ ವಾಹನ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಸಮೀಪಿಸುತ್ತಿದ್ದರೆ 77 ಗಿಗಾಹರ್ಟ್ಸ್ ಅಲೆಯ ಕಂಪನಾಂಕ ಸುಮಾರು 5 ಕಿಲೋಹರ್ಟ್ಸ್ ಬದಲಾಗುತ್ತದೆ. ಇಂಥ ರೇಡಾರ್ ಚಿಪ್‌ಗಳಿಗಾಗಿಯೇ 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಟೆರೇಡಿಯನ್ ಕಂಪನಿಯನ್ನು ಜಪಾನಿನ ರೆನೆಸಾಸ್ 2022ರಲ್ಲಿ ಕೊಂಡುಕೊಂಡಿತು.

ಇನ್ನು ಅಳವಡಿಕೆ. ಮೊದಲು ಜಾಗ ಆರಿಸಿಕೊಳ್ಳಬೇಕು. ಗುಮ್ಮಟದ ಮುಚ್ಚಳವಿರುವ ಟ್ಯಾಂಕಿನ ನಡುಮಧ್ಯೆ ಸೆನ್ಸರ್ ಕೂರಿಸಬಾರದು. ಮುಚ್ಚಳಕ್ಕೂ ದ್ರವಕ್ಕೂ ನಡುವೆ ಅಲೆ ಮತ್ತೆ ಮತ್ತೆ ಪುಟಿದು ಅಲ್ಲೇ ಕೇಂದ್ರೀಕರಿಸುತ್ತದೆ. ಗೋಡೆಗೆ ತೀರಾ ಅಂಟಿಸುವುದೂ, ಒಳಹರಿವಿನ ಪೈಪಿನ ಮೇಲೆ ಇಡುವುದೂ ಸಲ್ಲದು. ಜಾಗ ನಿಶ್ಚಯವಾದ ಮೇಲೆ, ಸೆನ್ಸರ್ ದ್ರವಕ್ಕೆ ಲಂಬವಾಗಿ ನೋಡುವಂತೆ ಮಟ್ಟಗೋಲು ಹಿಡಿದು ಬಿಗಿಯಬೇಕು. ಹರವು ಇಷ್ಟು ಕಿರಿದಾಗಿರುವುದರಿಂದ ಅಲ್ಪ ವಾಲಿಕೆಯೂ ಮರಳುವ ಅಲೆಯನ್ನು ದುರ್ಬಲಗೊಳಿಸುತ್ತದೆ. ಪ್ಲಾಸ್ಟಿಕ್ ಟ್ಯಾಂಕಾದರೆ ತೂತು ಕೊರೆಯುವ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ, ಅಲೆ ಮುಚ್ಚಳವನ್ನು ಹಾದುಹೋಗುತ್ತದೆ. ಲೋಹದ ಟ್ಯಾಂಕಿನಲ್ಲಿ ಈ ಸೌಲಭ್ಯವಿಲ್ಲ.

ಬಳಿಕ ಟ್ಯಾಂಕ್ ಖಾಲಿಯಿರುವಾಗ ತಳದವರೆಗಿನ ದೂರವನ್ನೂ, ತುಂಬಿದಾಗಿನ ದೂರವನ್ನೂ ಟೇಪಿನಿಂದ ಅಳೆದು ಸೆನ್ಸರ್‌ಗೆ ತುಂಬಬೇಕು. ನಕ್ಷೆಯಲ್ಲಿರುವ ಅಂಕಿಯನ್ನು ನಂಬದಿರುವುದು ಲೇಸು. ಖಾಲಿಯಿರುವಾಗಲೇ ಏಣಿ, ಬೆಸುಗೆಯ ಅಂಚುಗಳಿಂದ ಬರುವ ಸುಳ್ಳು ಪ್ರತಿಫಲನಗಳನ್ನು ದಾಖಲಿಸಿ, ಅವುಗಳನ್ನು ಕಡೆಗಣಿಸುವಂತೆ ಸೆನ್ಸರ್‌ಗೆ ಸೂಚಿಸಬೇಕು. ದಟ್ಟ ನೊರೆಯೇಳುವ ದ್ರವವಾದರೆ ಅಲೆ ನೊರೆಯಲ್ಲೇ ಅಡಗಿಹೋಗಬಹುದು. ಅಲ್ಲಿ ಬೇರೆ ವಿಧಾನವನ್ನು ಯೋಚಿಸುವುದು ಉತ್ತಮ.

ಕೊನೆಗೆ ಟ್ಯಾಂಕನ್ನು ಅರ್ಧ ತುಂಬಿಸಿ ಅಳತೆಕೋಲು ಇಳಿಸಿ ನೋಡಬೇಕು. ಟ್ಯಾಂಕ್ ಖಾಲಿಯಿದ್ದರೆ 4, ತುಂಬಿದ್ದರೆ 20 ಮಿಲಿಆಂಪಿಯರ್ ವಿದ್ಯುತ್ ಸಂಕೇತ ಹೊರಡಿಸುವ ಸೆನ್ಸರ್ ಆಗ 12 ಮಿಲಿಆಂಪಿಯರ್ ಆಸುಪಾಸು ತೋರಿಸಬೇಕು.