ಪದ್ಮಿನಿಯ ಸೋರಿಕೆ ಹಿಡಿದುಕೊಟ್ಟ ಅರಿಸಿನ

ಜೂನ್ ಮೊದಲ ವಾರ ಡ್ರೈವರ್ ಕಡೆಯ ಮ್ಯಾಟಿನ ಕೆಳಗೆ ಒಂದು ದಿನಪತ್ರಿಕೆ ಹಾಸಿದ್ದೆ. ಅಕ್ಟೋಬರಿನಲ್ಲಿ ತೆಗೆದು ನೋಡಿದರೆ ಥಂಡಿಗೆ ಸ್ವಲ್ಪ ಮೆತ್ತಗಾಗಿತ್ತು, ಅಷ್ಟೇ. ನೀರಿನ ಕಲೆ ಒಂದೂ ಇರಲಿಲ್ಲ. ತೀರ್ಥಹಳ್ಳಿ, ಆಗುಂಬೆ ಕಡೆ ಹಳೇ ಕಾರು ಇಟ್ಟುಕೊಂಡವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಿರುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ. ಅದರಲ್ಲಿ ಅರ್ಧ ನನ್ನ ಕಾರಿನೊಳಗೇ ಬೀಳುತ್ತಿತ್ತು ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಕಾರು ಪ್ರೀಮಿಯರ್ ಪದ್ಮಿನಿ, 86ರ ಮಾಡೆಲ್. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇಂಜಿನ್ನಿಗೆ ಏನೂ ತಕರಾರಿಲ್ಲ. ಆದರೆ ಜೋರು ಮಳೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಬಲಗಾಲಿನ ಚಪ್ಪಲಿ ಒದ್ದೆ. ಡ್ಯಾಶ್‌ಬೋರ್ಡಿನ ಕೆಳಗಿಂದ, ಮುಂದಿನ ಗ್ಲಾಸಿನ ಪಕ್ಕ ರೂಫನ್ನು ಹೊರುವ ಕಂಬದ ಬುಡದಲ್ಲಿ, ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು.

ಇದನ್ನು ಯಾರಿಗೆ ತೋರಿಸಿದರೂ ಒಂದೇ ಉತ್ತರ. "ಮುಂದಿನ ಗ್ಲಾಸಿನ ಬೀಡಿಂಗ್ ಹೋಗಿದೆ ಗೌಡ್ರೆ." ಬೀಡಿಂಗ್ ಅಂದರೆ ಗ್ಲಾಸಿನ ಸುತ್ತ ಕೂರುವ ರಬ್ಬರ್ ಪಟ್ಟಿ. ನಾನೂ ನಂಬಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಹೊಸ ಬೀಡಿಂಗ್ ತಂದೆ. ಸುಮಾರು 1,600 ರೂಪಾಯಿ, ಹಾಕಿದ ಕೂಲಿ 700. ಆ ರಬ್ಬರ್ ಒಣಗಿದ ಚಕ್ಕಳದ ಹಾಗೆ ಬಿರುಸು, ಮೂಲೆಯಲ್ಲಿ ಕೂರಲೇ ಇಲ್ಲ. ಎರಡನೇ ಸಲ ಅದರ ಸುತ್ತ ಸಿಲಿಕಾನ್ ಮೆತ್ತಿಸಿದೆ, 900 ಹೋಯಿತು. ಸಿಲಿಕಾನ್ ಮೆತ್ತಿದ ಜಾಗಕ್ಕೆ ಆಮೇಲೆ ಪೇಂಟ್ ಹಿಡಿಯಲ್ಲ ಅಂತ ನಿಮಗೆ ಗೊತ್ತಿದೆ. ನನಗೂ ಗೊತ್ತಿತ್ತು, ಆದರೂ ಮಾಡಿಸಿದೆ. ಅದನ್ನು ಬ್ಲೇಡಿನಲ್ಲಿ ಹೆರೆದು ತೆಗೆಯಲು ಎರಡು ಸಂಜೆ ಹಿಡಿಯಿತು. ಮೂರನೇ ಸಲ ಬೇರೆ ಬೀಡಿಂಗ್ ತರಿಸಿ ಕೂರಿಸುವಾಗ ಗ್ಲಾಸೇ ಚಟ್ ಅಂತು. ಗ್ಲಾಸು, ಸಾಗಾಣಿಕೆ, ಕೂಲಿ ಎಲ್ಲ ಸೇರಿ ಐದೂವರೆ ಸಾವಿರ. ಬೀಡಿಂಗ್ ದುಡ್ಡು ಬೇರೆ. ಒಟ್ಟು ಹತ್ತು ಸಾವಿರ ದಾಟಿತ್ತು. ಚಪ್ಪಲಿ ಮಾತ್ರ ಒದ್ದೆಯಾಗುತ್ತಲೇ ಇತ್ತು.

ಒಳ್ಳೆಯ ಬೀಡಿಂಗ್ ಈಗ ಸಿಗುವುದೂ ಕಷ್ಟ. ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೇ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಇನ್ನು ರಬ್ಬರ್ ಸಾಮಾನು ಯಾರಿಗಾಗಿ ಮಾಡುತ್ತಾರೆ ಹೇಳಿ.

ಆಮೇಲೆ ಮೇಸ್ತ್ರಿಗಳನ್ನು ಬಿಟ್ಟು ನಾನೇ ಹುಡುಕಲು ಕೂತೆ. ಮೊದಲು ರಂಗೋಲಿ ಪುಡಿ. ಒಳಗೆಲ್ಲ ಉದುರಿಸಿ, ನೀರು ಹರಿದ ಗೆರೆ ನೋಡುವ ಯೋಚನೆ. ಬಿಸಿಲು ಸೀಮೆಯಲ್ಲಿ ನಡೆಯಬಹುದು. ನಮ್ಮಲ್ಲಿ ಜುಲೈ ತಿಂಗಳ ಥಂಡಿಗೆ ಪುಡಿ ತಾನಾಗಿಯೇ ಮುದ್ದೆಯಾಯಿತು. ಆಮೇಲೆ ವ್ಯಾಕ್ಯೂಮ್ ಕ್ಲೀನರಿನ ಪೈಪು ತಿರುಗಿಸಿ ಕಾರಿನೊಳಗೆ ಗಾಳಿ ತುಂಬಿಸಿದೆ. ಹೊರಗೆ ಸಾಬೂನಿನ ನೊರೆ ಬಳಿದು, ಗುಳ್ಳೆ ಎಲ್ಲಿ ಏಳುತ್ತೆ ಅಂತ ನೋಡಿದೆ. ಎಲ್ಲಾ ಕಡೆ ಎದ್ದಿತು! ಬಾಗಿಲಿನ ರಬ್ಬರು, ಮುಂದಿನ ತ್ರಿಕೋನ ಗ್ಲಾಸು, ಡಿಕ್ಕಿ, ಒಂದೂ ಬಿಡಲಿಲ್ಲ. ಹಳೇ ಕಾರಿನಲ್ಲಿ ಗಾಳಿ ಹೋಗುವ ದಾರಿ ನೂರಿದೆ. ನೀರು ಬರುವ ದಾರಿ ಅದರಲ್ಲಿ ಯಾವುದು ಅನ್ನುವುದೇ ಪ್ರಶ್ನೆ.

ಉತ್ತರ ಸಿಕ್ಕಿದ್ದು ತೋಟದ ಕೆಲಸದಲ್ಲಿ. ಅಡಿಕೆಗೆ ಔಷಧಿ ಹೊಡೆಯುವ ದಿನ ಬೋರ್ಡೋಗೆ, ಅಂದರೆ ಮೈಲುತುತ್ತ ಸುಣ್ಣ ಸೇರಿಸಿ ಮಾಡುವ ಔಷಧಿಗೆ, ಸುಣ್ಣ ಕಲಸುತ್ತಿದ್ದೆ. ಮಧ್ಯಾಹ್ನದ ಊಟದಲ್ಲಿ ಪಂಚೆ ಮೇಲೆ ಸಾರು ಚೆಲ್ಲಿಕೊಂಡಿದ್ದೆ, ಅರಿಸಿನದ ಕಲೆ ಕೂತಿತ್ತು. ಸುಣ್ಣದ ಕೈ ಅದಕ್ಕೆ ತಾಗಿದ್ದೇ ತಡ, ಕಲೆ ಕುಂಕುಮದ ಹಾಗೆ ಕೆಂಪಾಯಿತು. ಅಮ್ಮ ಆರತಿ ನೀರು ಮಾಡುವುದನ್ನು ಐವತ್ತು ವರ್ಷದಿಂದ ನೋಡಿದ್ದೇನೆ, ಆದರೆ ಕಾರಿಗೂ ಅದಕ್ಕೂ ಸಂಬಂಧ ಹೊಳೆದಿರಲಿಲ್ಲ.

ಕಾರಿನ ಒಳಗೆ ಅರಿಸಿನದ ಬಟ್ಟೆ ಇಟ್ಟು ಹೊರಗಿಂದ ಸುಣ್ಣದ ನೀರು ಹೊಡೆದರೆ, ಸೋರಿದ ಕಡೆ ಬಟ್ಟೆ ಕೆಂಪಾಗಬೇಕಲ್ಲ! ಮಾಡಿದ್ದು ಇಷ್ಟು. ಹಳೇ ಬಿಳಿ ಪಂಚೆ ಹರಿದು ಎರಡು ಬೆರಳು ಅಗಲದ ಪಟ್ಟಿ ಮಾಡಿದೆ, ಇಪ್ಪತ್ತು ಇಪ್ಪತ್ತೆರಡು ಆಗಿರಬಹುದು. ಗಟ್ಟಿ ಅರಿಸಿನ ನೀರಿನಲ್ಲಿ ಅದ್ದಿ, ಬಚ್ಚಲು ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದೆ. ಒಂದೊಂದಕ್ಕೂ ಪೆನ್ನಿನಲ್ಲಿ ನಂಬರ್ ಹಾಕಿ ರೂಫ್ ಲೈನಿಂಗಿನ ಅಂಚು, ಗ್ಲಾಸಿನ ಕೆಳಗೆ, ಕಂಬದ ಬುಡ, ವೈಪರ್ ಕಡ್ಡಿ ಹೊರಬರುವ ತೂತಿನ ಬುಷ್ಷಿನ ಹಿಂದೆ, ಪೆಡಲ್ ಮೇಲಿನ ಗ್ರೊಮೆಟ್ (ತಗಡಿನ ತೂತಿಗೆ ಹಾಕುವ ರಬ್ಬರ್ ಬಳೆ) ಹತ್ತಿರ ಸಿಕ್ಕಿಸಿದೆ. ಕಂಬದ ಒಳಗೆ ಪಟ್ಟಿ ಇಳಿಸಲು ಒಂದು ಉಪಾಯ ಮಾಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಬಕೆಟ್ಟಿಗೆ ಒಂದು ಹಿಡಿ ಸುಣ್ಣ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಟ್ಟೆಯಲ್ಲಿ ಸೋಸಿಕೊಂಡೆ. ಸೋಸದಿದ್ದರೆ ಪಂಪಿನ ನಾಝಲ್ ಕಟ್ಟುತ್ತೆ.

ತಮ್ಮನ ಮಗ ಬೆನ್ನಿಗೆ ಔಷಧಿ ಪಂಪು ಹಾಕಿಕೊಂಡು ನಿಂತ. ನಾನು ಟಾರ್ಚ್ ಹಿಡಿದು ಪೆಡಲ್ ಹತ್ತಿರ ತಲೆ ತೂರಿಸಿ ಮಲಗಿದೆ. ನಿಮಿಷದೊಳಗೆ ಐದಾರು ಪಟ್ಟಿ ಕೆಂಪು! ಖುಷಿಯಲ್ಲಿ ಎದ್ದು ತಲೆ ಸ್ಟೀರಿಂಗಿಗೆ ಹೊಡೆಸಿಕೊಂಡೆ. ಆಮೇಲೆ ನೆನಪಾಯಿತು, ಹಿಂದಿನ ದಿನ ಗುಳ್ಳೆ ನೋಡಲು ಬಳಿದ ಸಾಬೂನು ಇನ್ನೂ ಸಂದಿಯಲ್ಲಿದೆ. ಸಾಬೂನಿಗೂ ಅರಿಸಿನ ಕೆಂಪಾಗುತ್ತೆ. ಬಟ್ಟೆ ಒಗೆಯುವವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ಎರಡು ದಿನ ಬರೀ ಬಾವಿ ನೀರು ಹೊಡೆದು ತೊಳೆದು, ಒಣಗಿಸಿ, ಹೊಸ ಪಟ್ಟಿ ಕಟ್ಟಿದೆ.

ಈ ಸಲ ಮೇಸ್ತ್ರಿಯನ್ನೂ ಕರೆಸಿದ್ದೆ. ಅವರು ಜಗಲಿ ಮೇಲೆ ಕಾಫಿ ಹಿಡಿದು ಕೂತು, "ಗೌಡ್ರೆ, ಇದೇನು ಕಾರಿಗೆ ಎಣ್ಣೆಶಾಸ್ತ್ರವಾ?" ಅಂದರು. ನಾನು ನನ್ನ ಕೆಲಸ ಮುಂದುವರಿಸಿದೆ. ನೀರು ಹೊಡೆಯುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಮೇಲಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಇಳಿದು ಲೆಕ್ಕ ತಪ್ಪುತ್ತೆ. ಗ್ಲಾಸಿನ ಕೆಳ ಅಂಚಿಗೆ ಹತ್ತು ನಿಮಿಷ ಹೊಡೆದೆವು. ಹಳದಿ. ಎರಡು ಪಕ್ಕಕ್ಕೆ ಹತ್ತತ್ತು ನಿಮಿಷ. ಅದೂ ಹಳದಿ. ವೈಪರ್ ಬುಷ್ಷಿಗೆ ಹೊಡೆದಾಗ ಏಳನೇ ನಂಬರಿನ ತುದಿ ಸ್ವಲ್ಪ ಕೆಂಪಾಯಿತು. ಕೊನೆಗೆ ಬಾಗಿಲಿನ ಮೇಲೆ, ರೂಫಿನ ಅಂಚಿಗೆ ಇರುವ ಸಣ್ಣ ಗಟರ್. ಮೂರೋ ನಾಲ್ಕೋ ನಿಮಿಷ ಅಷ್ಟೇ. ಕಂಬದೊಳಗಿನ ಪಟ್ಟಿಯ ಮೇಲ್ತುದಿಯಿಂದ ಕೆಂಪು ನಿಧಾನಕ್ಕೆ ಇಳಿದು ಬಂತು, ವೀಳ್ಯದ ರಸ ಬಟ್ಟೆಗೆ ಹಬ್ಬಿದ ಹಾಗೆ. ಮೇಸ್ತ್ರಿ ಕಾಫಿ ಲೋಟ ಕೆಳಗಿಟ್ಟು ಬಗ್ಗಿ ನೋಡಿದರು. ಏನೂ ಮಾತಾಡಲಿಲ್ಲ.

ಗಟರಿನ ಬಲ ಮುಂದಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ತಗಡು ಜೋಡಿಸಿದ ಕಡೆ ಹಾಕಿದ್ದ ಸೀಲರ್ ವಯಸ್ಸಾಗಿ ಒಣಗಿ ಬಾಯಿಬಿಟ್ಟಿತ್ತು. ಮೇಲೆ ಮೂರು ಕೋಟ್ ಪೇಂಟ್ ಇದ್ದಿದ್ದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಅಲ್ಲಿ ನುಗ್ಗಿದ ನೀರು ಕಂಬದ ಒಳಗೇ ಇಳಿದು ಬುಡದಲ್ಲಿ ಹೊರಬರುತ್ತಿತ್ತು. ಗ್ಲಾಸು ಪಾಪ, ಏನೂ ಮಾಡಿರಲಿಲ್ಲ.

ರಿಪೇರಿಗೆ ಬಹಳ ಹೇಳುವುದಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡಿನಲ್ಲಿ ಗಟರನ್ನು ಉದ್ದಕ್ಕೂ ತಗಡು ಕಾಣುವವರೆಗೆ ಹೆರೆದೆ. ತುಕ್ಕು ತೆಗೆದು ರೆಡ್ ಆಕ್ಸೈಡ್ ಹೊಡೆದು, ಒಣಗಿದ ಮೇಲೆ ಪಿಯು (ಪಾಲಿಯುರೆಥೇನ್) ಸೀಲೆಂಟ್, ಅಂದರೆ ಗಟ್ಟಿಯಾದರೂ ರಬ್ಬರಿನ ಹಾಗೆ ಬಾಗುವ ಅಂಟು, ಎಳೆದೆ. ಎಂ-ಸೀಲ್ ತುಂಬಿ ಅಂದವರಿದ್ದಾರೆ. ಅದು ಕಲ್ಲಾಗುತ್ತೆ, ಬಾಡಿ ಅಲುಗಾಡಿದಾಗ ಪಕ್ಕದಲ್ಲಿ ಬಿರಿಯುತ್ತೆ. ಥಂಡಿಗೆ ಪೇಂಟ್ ಒಣಗಲಿಲ್ಲ ಅಂತ ಹಳೇ ನೂರು ವ್ಯಾಟ್ ಬಲ್ಬ್ ಎರಡು ತೂಗುಬಿಟ್ಟೆ. ಸೀಲೆಂಟ್, ಪೇಂಟ್ ಎಲ್ಲ ಸೇರಿ ಸಾವಿರದ ಇನ್ನೂರು ಆಗಿರಬೇಕು. ವೈಪರ್ ಬುಷ್ಷಿಗೆ ಸೈಕಲ್ ಟ್ಯೂಬ್ ಕತ್ತರಿಸಿದ ವಾಷರ್, ಖರ್ಚಿಲ್ಲ.

ಬಾಗಿಲುಗಳನ್ನೂ ಬಿಚ್ಚಿದೆ. ಬಾಗಿಲಿನೊಳಗೆ ನೀರು ಹೋಗುವುದು ತಪ್ಪಲ್ಲ, ಕೆಳಗಿನ ತೂತಿನಿಂದ ಹೊರಗೆ ಹೋಗಬೇಕು ಅಷ್ಟೇ. ಹಿಂದೆ ಯಾರೋ ಪೇಂಟ್ ಮಾಡಿದವರು ಆ ತೂತಿಗೂ ಲಪ್ಪ (ಪುಟ್ಟಿ) ತುಂಬಿದ್ದರು. ಒಂದೊಂದು ಬಾಗಿಲಿನಿಂದ ಅರ್ಧ ಚೊಂಬು ಕೆಸರು ಬಂತು. ಒಳಗಿನ ಪ್ಲಾಸ್ಟಿಕ್ ಹಾಳೆ ಇರಲೇ ಇಲ್ಲ, ಅಡಿಕೆ ಗೊನೆಗೆ ಕಟ್ಟುವ ಕೊಟ್ಟೆಯ ಪ್ಲಾಸ್ಟಿಕ್ ಉಳಿದಿತ್ತು, ಅದನ್ನೇ ಅಂಟಿಸಿದೆ. ಬಾಗಿಲಿನ ಹಳೇ ರಬ್ಬರಿಗೆ ಒಂದು ವಸ್ತು ಹಚ್ಚುತ್ತೇನೆ, ಮೆತ್ತಗಾಗಿ ಮತ್ತೆ ಉಬ್ಬುತ್ತೆ. ಎಣ್ಣೆಯಲ್ಲ ಅಂತ ಮಾತ್ರ ಹೇಳುತ್ತೇನೆ.

ಮ್ಯಾಟಿನ ಕೆಳಗೆ ಫೆಲ್ಟ್ ಬದಲು ಅಡಿಕೆ ಹಾಳೆ ಹಾಸಿ ನೋಡಿದ್ದೂ ಉಂಟು. ಹದಿನೈದು ದಿನಕ್ಕೆ ಬೂಷ್ಟು ಹಿಡಿದು ಹಳೇ ಕೊಟ್ಟಿಗೆ ವಾಸನೆ. ನೀವು ಮಾಡಬೇಡಿ.

ಅರಿಸಿನದ ವಿಷಯದಲ್ಲೂ ಎರಡು ಎಚ್ಚರಿಕೆ. ಸುಣ್ಣದ ನೀರು ಪೇಂಟಿನ ಮೇಲೆ ಒಣಗಲು ಬಿಡಬೇಡಿ, ಬಿಳಿ ಕಲೆ ಕೂರುತ್ತೆ. ಪಟ್ಟಿಯನ್ನು ಲೈನಿಂಗಿಗೆ ತಾಗಿಸಬೇಡಿ. ನನ್ನ ಕಾರಿನ ರೂಫಿನಲ್ಲಿ ಅಂಗೈಯಗಲದ ಕೆಂಪು ಇನ್ನೂ ಇದೆ. ಹೆಂಡತಿ ಯಾರೇ ಹತ್ತಿ ಕೂತರೂ ಅದನ್ನು ತೋರಿಸುತ್ತಾಳೆ.

ಡಿಕ್ಕಿಯ ಎಡ ಮೂಲೆಗೆ ಈಗಲೂ ಒಂದು ಲೋಟ ನೀರು ಬರುತ್ತಿದೆ. ಟೇಲ್ ಲ್ಯಾಂಪಿಗೆ ಹವಾಯಿ ಚಪ್ಪಲಿ ಕತ್ತರಿಸಿ ಗ್ಯಾಸ್ಕೆಟ್ ಹಾಕಿದೆ, ಕಮ್ಮಿಯಾಯಿತು, ನಿಲ್ಲಲಿಲ್ಲ. ಮೇಸ್ತ್ರಿ ಡಿಕ್ಕಿ ರಬ್ಬರ್ ಬದಲಾಯಿಸಿ ಅಂತಿದ್ದಾರೆ. ನಿನ್ನೆ ಆರು ಪಟ್ಟಿ ಅದ್ದಿ ಒಲೆ ಮೇಲೆ ಹಾಕಿದ್ದೇನೆ.