ಉಸಿರಿನ ದಾರಿ ಬೇರೆ: ಎಚ್ಚರವಿದ್ದೇ ಎಂಡೋಸ್ಕೋಪಿ ಮಾಡಿಸಿಕೊಂಡೆ

ಬಾಯಿಯ ಮೂಲಕ ಕೊಳವೆ ಇಳಿಸಿ ಹೊಟ್ಟೆಯ ಒಳಗನ್ನು ನೋಡುವ ಪರೀಕ್ಷೆ ಎಂಡೋಸ್ಕೋಪಿ. ಎರಡು ವರ್ಷಗಳ ಹಿಂದೆ ಅದರ ಮೇಜಿನಿಂದ ಎದ್ದು ಬಂದವಳು ನಾನು. ಗಂಟಲಿಗೆ ಕಹಿಯಾದ ಸ್ಪ್ರೇ ಹೊಡೆದರು, ಎಡಮಗ್ಗುಲಿಗೆ ಮಲಗಿಸಿದರು, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದೊಂದನ್ನು ಕಚ್ಚಿಸಿದರು. ಮುಂದೇನಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಗಂಟಲು ಮರಗಟ್ಟುತ್ತಾ ಬಂದಾಗ ಉಗುಳು ನುಂಗಿದ್ದೇ ತಿಳಿಯದೆ, ಉಸಿರೇ ನಿಂತಿತೆಂದು ಹೆದರಿ ಬಾಯಲ್ಲಿದ್ದುದನ್ನು ಕಿತ್ತೆಸೆದು ಎದ್ದು ಕುಳಿತೆ. ಕೊಳವೆ ಇನ್ನೂ ನನ್ನ ಬಾಯಿಯ ಹತ್ತಿರಕ್ಕೂ ಬಂದಿರಲಿಲ್ಲ. ಅಲ್ಲಿದ್ದ ಒಬ್ಬರು ನಕ್ಕರು. ಆ ನಗು ನನ್ನನ್ನು ಎರಡು ವರ್ಷ ಆಸ್ಪತ್ರೆಯ ಕಡೆಗೆ ತಲೆಹಾಕದಂತೆ ಮಾಡಿತು.

ಎದೆಯುರಿ, ಹುಳಿತೇಗು ಅಷ್ಟಕ್ಕೇ ನಿಂತಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಕೊಂಡು ಇದ್ದುಬಿಡುತ್ತಿದ್ದೆನೇನೋ. ಆದರೆ ಈ ಬಾರಿ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. ವಯಸ್ಸು 49. ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಜಿನುಗುತ್ತಿದೆಯೇ ಎಂದು ನೋಡಲೇಬೇಕು, ಇನ್ನು ಮುಂದೂಡುವಂತಿಲ್ಲ ಎಂದರು ಶಿವಮೊಗ್ಗದ ವೈದ್ಯರು. ಮಂಪರು ಬರಿಸುವ ಇಂಜೆಕ್ಷನ್ ಕೊಡಬಹುದು, ಆದರೆ ಜೊತೆಗೊಬ್ಬರು ಬರಬೇಕು, ಆ ದಿನ ಒಬ್ಬರೇ ಪ್ರಯಾಣ ಮಾಡಬಾರದು ಎಂದೂ ಹೇಳಿದರು. ನನ್ನ ಮನೆ ತೀರ್ಥಹಳ್ಳಿಯಲ್ಲಿ. ಯಜಮಾನರು ಕೆಲಸದ ಮೇಲೆ ಹೊರರಾಜ್ಯದಲ್ಲಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಪಕ್ಕದ ಮನೆಯವರು ಮಧ್ಯಾಹ್ನ ಎರಡರವರೆಗೆ ಮಾತ್ರ ಒಪ್ಪಿದ್ದರು. ಹಾಗಾಗಿ ಎಚ್ಚರದಲ್ಲೇ ಮಾಡಿಸಿಕೊಳ್ಳುತ್ತೇನೆ ಎಂದೆ. ಹೇಳುವಾಗ ಕೈ ತಣ್ಣಗಾಗಿತ್ತು.

ಹಿಂದಿನ ಸಲ ನಡೆದದ್ದನ್ನೂ ಮುಚ್ಚಿಡದೆ ಹೇಳಿದೆ. ವೈದ್ಯರು ಪೆನ್ನು ತೆಗೆದು ಔಷಧದ ಚೀಟಿಯ ಹಿಂಬದಿಯಲ್ಲಿ ಎರಡು ಗೆರೆ ಎಳೆದರು. ಮುಂದಿನದು ಶ್ವಾಸನಾಳ, ಅದರ ಬೆನ್ನಿಗಿರುವುದು ಅನ್ನನಾಳ. ಕೊಳವೆ ಹೋಗುವುದು ಹಿಂದಿನದರಲ್ಲಿ. ಸ್ಪ್ರೇ ಗಂಟಲಿನ ಸ್ಪರ್ಶವನ್ನಷ್ಟೇ ಮಂದ ಮಾಡುತ್ತದೆ, ಉಸಿರಾಟಕ್ಕೆ ಏನೂ ಆಗುವುದಿಲ್ಲ. "ನಿಮಗೆ ಉಸಿರು ಕಟ್ಟಿದ ಹಾಗೆ ಅನ್ನಿಸುತ್ತದೆ, ಆದರೆ ಕಟ್ಟಿರುವುದಿಲ್ಲ" ಎಂದರು. ಕೊಳವೆಯನ್ನೂ ತೋರಿಸಿ ಎಂದೆ, ತೋರಿಸಿದರು. ಕಪ್ಪಗೆ, ನನ್ನ ಕಿರುಬೆರಳಿನಷ್ಟು ದಪ್ಪ, ತುದಿಯಲ್ಲಿ ಒಂದು ಚಿಕ್ಕ ದೀಪ. ಎರಡು ವರ್ಷದಿಂದ ನನ್ನ ಮನಸ್ಸಿನಲ್ಲಿದ್ದದ್ದು ಇದರ ಮೂರು ಪಟ್ಟು ದಪ್ಪವಿತ್ತು.

ಅಲ್ಲಿಂದ ಎರಡು ವಾರ ಸಮಯ ಸಿಕ್ಕಿತು. ಹೊಟ್ಟೆಯಲ್ಲಿ ಹುಣ್ಣು ಮಾಡುವ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದೂ ನೋಡುವುದಿತ್ತು. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ನುಂಗುತ್ತಿದ್ದರೆ ಅದು ಇದ್ದೂ ಇಲ್ಲವೆಂದು ತೋರಬಹುದಂತೆ. ಅದಕ್ಕಾಗಿ ಎರಡು ವಾರ ಮಾತ್ರೆ ನಿಲ್ಲಿಸಲು ಹೇಳಿದ್ದರು. ಎದೆಯುರಿ ಜೋರಾಯಿತು. ರಾತ್ರಿ ದಿಂಬಿನ ಮೇಲೆ ದಿಂಬು ಇಟ್ಟು ಒರಗಿಕೊಂಡೆ. ಯಾರಾದರೂ ಈ ಪರೀಕ್ಷೆಗೆ ಹೊರಟಿದ್ದರೆ ಮಾತ್ರೆಯ ವಿಷಯವನ್ನು ಮೊದಲೇ ಕೇಳಿಕೊಳ್ಳಲಿ, ತಾವೇ ನಿಲ್ಲಿಸುವುದು ಬೇಡ. ರಕ್ತ ತೆಳುವಾಗಿಸುವ ಔಷಧ, ಅಲರ್ಜಿ, ಅಲ್ಲಾಡುವ ಹಲ್ಲು, ಹಾಕಿ ತೆಗೆಯುವ ಹಲ್ಲಿನ ಸೆಟ್ಟು, ಇದೆಲ್ಲವನ್ನೂ ಮೊದಲೇ ಹೇಳಬೇಕು.

ನನಗೆ ನಿಜಕ್ಕೂ ನೆರವಾದದ್ದು ಒಂದು ಕರವಸ್ತ್ರ. ಪ್ರತಿ ರಾತ್ರಿ ಅತ್ತೆ ಮಲಗಿದ ಮೇಲೆ ಎಡಮಗ್ಗುಲಿಗೆ ಮಲಗಿ, ಕರವಸ್ತ್ರವನ್ನು ದಪ್ಪಗೆ ಸುತ್ತಿ ಹಲ್ಲುಗಳ ನಡುವೆ ಇಟ್ಟುಕೊಂಡು, ಬಾಯಿ ತೆರೆದೇ ಇದ್ದರೂ ಮೂಗಿನಲ್ಲೇ ಉಸಿರಾಡುವುದನ್ನು ಅಭ್ಯಾಸ ಮಾಡಿದೆ. ಮೊದಲ ದಿನ ಒಂದು ನಿಮಿಷಕ್ಕೇ ಗಾಬರಿಯಾಗಿ ತೆಗೆದುಬಿಟ್ಟೆ. ಎಂಜಲನ್ನು ನುಂಗಲು ಹೋಗುವುದೇ ತಪ್ಪು ಎಂದು ಮೂರನೆಯ ದಿನ ಹೊಳೆಯಿತು. ಕೆನ್ನೆಯ ಕೆಳಗೆ ಹಳೆಯ ಟವೆಲ್ ಹಾಸಿ, ಹರಿಯುವಷ್ಟು ಹರಿಯಲಿ ಎಂದು ಬಿಟ್ಟೆ. ಒಳಗೆ ಎಳೆದುಕೊಳ್ಳುವ ಉಸಿರಿನ ಗೊಡವೆಗೆ ಹೋಗಬಾರದು, ಹೊರಗೆ ಬಿಡುವುದನ್ನು ಮಾತ್ರ ಉದ್ದ ಮಾಡಬೇಕು. ಆಗ ಒಳಗಿನದು ತಾನಾಗಿಯೇ ಬರುತ್ತದೆ. ಹತ್ತನೆಯ ರಾತ್ರಿಗೆ ಏಳು ನಿಮಿಷ ಅಲ್ಲಾಡದೆ ಮಲಗಲು ಸಾಧ್ಯವಾಯಿತು. ಭಯ ಹೋಗಿರಲಿಲ್ಲ, ಅದರ ಜೊತೆಯಲ್ಲೇ ಮಲಗುವುದು ರೂಢಿಯಾಗಿತ್ತು.

ಹಿಂದಿನ ರಾತ್ರಿ ಎಂಟಕ್ಕೆ ಗಂಜಿ ಕುಡಿದವಳು ಮತ್ತೆ ಏನೂ ತಿನ್ನಲಿಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಮಂಡಗದ್ದೆ ದಾಟುವಾಗ ಇಳಿದು ವಾಪಸ್ ಹೋಗಿಬಿಡಲೇ ಎಂದು ಎರಡು ಸಲ ಅನ್ನಿಸಿತು.

ಒಳಗೆ ಹೋಗುವ ಮುಂಚೆ ಹೊಟ್ಟೆಯ ನೊರೆ ಇಳಿಸುವ ಬಿಳಿಯ ದ್ರವವನ್ನು ಸ್ವಲ್ಪ ಕುಡಿಸಿದರು. ಆಮೇಲೆ ಗಂಟಲು ಮರಗಟ್ಟಿಸುವ ಲಿಗ್ನೊಕೇಯ್ನ್ ಸ್ಪ್ರೇ. ನಾನು ವೈದ್ಯರಲ್ಲಿ ಕೇಳಿಕೊಂಡದ್ದು ಒಂದೇ: ಎಡಗೈ ಎತ್ತಿದರೆ ಇದ್ದಲ್ಲೇ ನಿಲ್ಲಿಸಬೇಕು. ಒಪ್ಪಿದರು. ನಿಲ್ಲಿಸುವ ಅಧಿಕಾರ ನನ್ನ ಕೈಯಲ್ಲಿದೆ ಎಂಬುದು ಆ ಸ್ಪ್ರೇಗಿಂತ ಹೆಚ್ಚು ಕೆಲಸ ಮಾಡಿತೆಂದು ಈಗಲೂ ನಂಬುತ್ತೇನೆ.

ಕೊಳವೆ ನಾಲಗೆಯ ಬುಡಕ್ಕೆ ತಾಗಿತು. "ನುಂಗಿ ಅಮ್ಮ" ಎಂದರು. ನುಂಗಲು ಆಗಲಿಲ್ಲ, ಜೋರಾಗಿ ಓಕರಿಕೆ ಬಂದಿತು, ಕಣ್ಣಲ್ಲಿ ನೀರು. ಕೈ ಎತ್ತಿದೆ. ವೈದ್ಯರು ನಿಂತರು, ತುಸು ಹಿಂದಕ್ಕೆ ಎಳೆದುಕೊಂಡರು, ಏನೂ ಅನ್ನಲಿಲ್ಲ. ನರ್ಸಮ್ಮನವರು ಬೆನ್ನಿನ ಮೇಲೆ ಅಂಗೈ ಇಟ್ಟು, ಮಗುವನ್ನು ತಟ್ಟುವ ಹಾಗೆ ನಿಧಾನವಾಗಿ ತಟ್ಟುತ್ತಾ, "ಎಂಜಲು ನುಂಗಬೇಡಿ, ಟ್ರೇಯೊಳಗೆ ಬೀಳಲಿ, ಗೋಡೆಯ ಸ್ವಿಚ್ಚಿನ ಕೆಂಪು ದೀಪ ನೋಡಿ" ಎಂದರು. ನೋಡಿದೆ. ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟೆ. ಮತ್ತೊಮ್ಮೆ ನುಂಗಿ ಎಂದಾಗ ನುಂಗಿದೆ, ಗಂಟಲಲ್ಲಿ ಗಂಟೊಂದು ಜಾರಿ ಕೆಳಗಿಳಿದಂತಾಯಿತು. ಅತ್ಯಂತ ಕಷ್ಟದ ಗಳಿಗೆ ಅದೇ. ಅದಾದ ಮೇಲೆ ನಾನು ಮೂಗಿನಲ್ಲಿ ಉಸಿರಾಡುತ್ತಲೇ ಇದ್ದೇನೆ ಎಂಬುದು ನನಗೇ ಕೇಳಿಸಿತು. ಚೀಟಿಯ ಹಿಂದಿನ ಆ ಎರಡು ಗೆರೆ ಕಣ್ಣ ಮುಂದೆ ಬಂದವು.

ನೋವು ಎನ್ನುವಂಥದ್ದು ಇರಲಿಲ್ಲ. ಹೊಟ್ಟೆಗೆ ಗಾಳಿ ತುಂಬಿಸುತ್ತಾರೆ, ಮಡಿಕೆಗಳು ಬಿಡಿಸಿಕೊಂಡರೆ ಮಾತ್ರ ಒಳಗೋಡೆ ಕಾಣುತ್ತದೆ. ಮದುವೆ ಊಟ ಮುಗಿಸಿದ ಹಾಗೆ ಉಬ್ಬರ, ತೇಗಿನ ಮೇಲೆ ತೇಗು. ತಡೆಯಲು ಹೋಗಬಾರದು. ಜಠರ ದಾಟಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಸುವಾಗ ಮೇಲ್ಹೊಟ್ಟೆಯಲ್ಲಿ ಒತ್ತಿದಂತಾಯಿತು, ಮತ್ತೆ ಒಂದೆರಡು ಓಕರಿಕೆ. ಬಯಾಪ್ಸಿಗೆಂದು, ಅಂದರೆ ಲ್ಯಾಬಿನಲ್ಲಿ ಪರೀಕ್ಷಿಸಲೆಂದು, ಒಳಗೋಡೆಯ ಚೂರು ಚಿವುಟಿ ತೆಗೆದದ್ದು ತಿಳಿಯಲೇ ಇಲ್ಲ. ಕೊಳವೆ ಹೊರಗೆ ಬಂದಾಗ ಗೋಡೆಯ ಗಡಿಯಾರ ನೋಡಿದೆ, ಆರು ನಿಮಿಷವಾಗಿತ್ತು.

ತೆಗೆದ ಚೂರೊಂದನ್ನು ಹಳದಿ ಬಣ್ಣದ ಪುಟ್ಟ ಕಿಟ್‌ನಲ್ಲಿ ಇಟ್ಟಿದ್ದರು. ನಾನು ಮುಖ ತೊಳೆದು ಬರುವಷ್ಟರಲ್ಲಿ ಅದರ ಸುತ್ತ ಗುಲಾಬಿ ಬಣ್ಣ ಹರಡುತ್ತಿತ್ತು. ಎಚ್. ಪೈಲೋರಿ ಇದೆ ಎಂದರ್ಥ. ಜಠರದ ಕೆಳಭಾಗದಲ್ಲಿ ಸವೆದ ಗಾಯಗಳಿದ್ದವು. ಬಯಾಪ್ಸಿಯ ವರದಿ ಆಮೇಲೆ ಬಂದಿತು, ಕ್ಯಾನ್ಸರ್ ಇಲ್ಲ. ಈ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂದಿತೆಂದು ಆಮೇಲೆ ಓದಿದೆ. ಹೊಟ್ಟೆಯ ತೊಂದರೆಗೆ ಇದೇ ಕಾರಣವೆಂದು ನಂಬದವರಿಗೆ ತೋರಿಸಲು ಮಾರ್ಷಲ್ ಅದನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡಿದ್ದರಂತೆ. ನನಗೆ ಆಂಟಿಬಯಾಟಿಕ್ ಸೇರಿದ ಔಷಧ 14 ದಿನ. ಬಾಯೆಲ್ಲಾ ಲೋಹ ನೆಕ್ಕಿದ ರುಚಿ, ಆದರೂ ಒಂದು ಹೊತ್ತೂ ತಪ್ಪಿಸಲಿಲ್ಲ.

ಗಂಟಲಿನ ಮರಗಟ್ಟು ಹೋಗುವವರೆಗೆ, ಸುಮಾರು ಒಂದು ಗಂಟೆ, ಏನನ್ನೂ ನುಂಗುವಂತಿಲ್ಲ, ನೆತ್ತಿಗೇರಬಹುದು. ಕಾದು, ಮೊದಲು ಒಂದು ಗುಟುಕು ನೀರು ಕುಡಿದು ನೋಡಿ, ಆಮೇಲೆ ಎರಡು ಇಡ್ಲಿ ತಿಂದೆ. ಒಂದೂ ಮುಕ್ಕಾಲಿಗೆ ಮನೆಯಲ್ಲಿದ್ದೆ. ಎರಡು ದಿನ ಗಂಟಲು ಕೆರೆಯಿತು, ಅಷ್ಟೇ.

ಮಂಪರಿನ ಇಂಜೆಕ್ಷನ್ ತೆಗೆದುಕೊಂಡವರು ಅಂಜುಬುರುಕರೆಂದು ನಾನು ಎಂದೂ ಹೇಳುವುದಿಲ್ಲ. ಜೊತೆಗೆ ಜನ ಇದ್ದಿದ್ದರೆ ನಾನೂ ತೆಗೆದುಕೊಳ್ಳುತ್ತಿದ್ದೆನೇನೋ. ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿ, ಪಿತ್ತನಾಳದ ಕಲ್ಲು ತೆಗೆಯುವುದು, ಇವೆಲ್ಲ ಬೇರೆಯೇ ಮಾತು, ನನ್ನ ಆರು ನಿಮಿಷವನ್ನು ಅವುಗಳಿಗೆ ಹೋಲಿಸಬಾರದು. ಆದರೆ ಇಂಜೆಕ್ಷನ್ ಇಲ್ಲದೆ ಆಗುವುದೇ ಇಲ್ಲ ಎಂದು ಪರೀಕ್ಷೆಯನ್ನೇ ಮುಂದೂಡುತ್ತಿರುವವರು ಇದನ್ನು ಓದಲಿ ಎಂದೇ ಬರೆದೆ.

ಸಾಗರದಲ್ಲಿರುವ ನಾದಿನಿಗೆ ಮುಂದಿನ ಬುಧವಾರ ಇದೇ ಪರೀಕ್ಷೆ. ರಾತ್ರಿ ಒಂಬತ್ತಕ್ಕೆ ಫೋನನ್ನು ದಿಂಬಿನ ಪಕ್ಕ ಇಟ್ಟು, ಕರವಸ್ತ್ರ ಕಚ್ಚಿ ಎಡಮಗ್ಗುಲಿಗೆ ಮಲಗುತ್ತಾಳೆ, ಇತ್ತ ನಾನು ಗಡಿಯಾರ ನೋಡುತ್ತಿರುತ್ತೇನೆ. ನಿನ್ನೆ ನಾಲ್ಕು ನಿಮಿಷವಾಯಿತು.