ಮರಳುಗಲ್ಲಿನ ನಾಡಿನಲ್ಲಿ ಒರತೆ ಹುಡುಕುವುದು ಹೇಗೆ?

ಅಮೆರಿಕದ ಯೂಟಾ, ಅರಿಜೋನಾ ಕಡೆಯ ಮರುಭೂಮಿಯಲ್ಲಿ ಚಾರಣ ಮಾಡುವವರು ತಲಾ ದಿನಕ್ಕೆ 4 ಲೀಟರ್ ನೀರನ್ನಾದರೂ ಹೊತ್ತೊಯ್ಯಬೇಕು. ದಾರಿಯಲ್ಲಿ ಸಿಕ್ಕೀತೆಂದು ಹೊರೆ ಇಳಿಸಬೇಡಿ. ನಕ್ಷೆಯಲ್ಲಿ ನೀಲಿ ಗೆರೆ ಇರುವಲ್ಲಿ ಬರೀ ಮರಳಿರುವುದುಂಟು. ಯಾವ ಒರತೆಯಲ್ಲಿ ಈಗ ನೀರಿದೆ ಎಂದು ಹೊರಡುವ ಮುನ್ನ ರೇಂಜರ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಗಿಡಮರಕ್ಕಿಂತ ಮೊದಲು ಬಂಡೆ ನೋಡಿ. ಇಲ್ಲಿನ ನವಾಹೊ ಎಂಬ ಮರಳುಗಲ್ಲಿನ ಪದರ ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಅದರಡಿಯ ಕಯೆಂಟಾ ಎಂಬ ಕಲ್ಲಿನ ಪದರ ಅಷ್ಟು ಸುಲಭವಾಗಿ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಹಾಗಾಗಿ ನೀರು ಪಕ್ಕಕ್ಕೆ ಸರಿದು ಕಣಿವೆಯ ಗೋಡೆಯಲ್ಲಿ ಜಿನುಗುತ್ತದೆ. ಯೂಟಾದ ಜೈಯನ್ ರಾಷ್ಟ್ರೀಯ ಉದ್ಯಾನದಲ್ಲಿ ನೀರು ಜಿನುಗುವ ವೀಪಿಂಗ್ ರಾಕ್ ಬಂಡೆ ಆದದ್ದು ಹೀಗೆಯೇ. ನೆಟ್ಟಗಿನ ನುಣುಪು ಗೋಡೆ ಮುಗಿದು ಮೆಟ್ಟಿಲು ಮೆಟ್ಟಿಲಾದ ಕಲ್ಲು ಶುರುವಾಗುವ ಗೆರೆಯುದ್ದಕ್ಕೂ ಕಣ್ಣಾಡಿಸಿ. ಪಾಚಿ, ಜರಿಗಿಡ ಕಂಡಲ್ಲಿ ಅಗಲ ಬಾಯಿಯ ಪಾತ್ರೆಯಿಟ್ಟು ಹನಿ ಹಿಡಿಯಿರಿ. ನಿಧಾನದ ಕೆಲಸ, ಆದರೆ ನೀರು ತಿಳಿಯಾಗಿರುತ್ತದೆ.

ಕಾಟನ್‌ವುಡ್, ವಿಲ್ಲೊ ಮರಗಳಿದ್ದರೆ ನೀರು ಹತ್ತಿರದಲ್ಲೇ ಇದೆ. ಟ್ಯಾಮರಿಸ್ಕ್ ಪೊದೆಯನ್ನು ನೆಚ್ಚಬೇಡಿ; ಅದರ ಬೇರು ಬಲು ಆಳಕ್ಕಿಳಿಯುತ್ತದೆ, ಉಪ್ಪುನೀರಿನಲ್ಲೂ ಬದುಕುತ್ತದೆ. ಒಣ ಹಳ್ಳ ಅಗೆಯುವುದಾದರೆ ತಿರುವಿನ ಹೊರಬದಿಯಲ್ಲಿ, ಬಂಡೆಯ ಬುಡದಲ್ಲಿ, ಅದೂ ತಂಪು ಹೊತ್ತಿನಲ್ಲಿ. ಮೊಳದಷ್ಟು ಅಗೆದರೂ ಮರಳು ಹಸಿಯಾಗದಿದ್ದರೆ ನಿಲ್ಲಿಸಿ. ಸಿಗುವ ನೀರಿಗಿಂತ ಸುರಿಸುವ ಬೆವರೇ ಹೆಚ್ಚಾದೀತು. ಒಸರಿದರೆ ಮೊದಲ ಕೆಸರುನೀರನ್ನು ಮೊಗೆದು ಚೆಲ್ಲಿ, ಮತ್ತೆ ತುಂಬಲು ಬಿಡಿ.

ಮಳೆಯಾದ ಮೇಲೆ ಬಂಡೆಯ ಮೇಲಿನ ದೊಣೆಗಳಲ್ಲಿ ನೀರು ನಿಂತಿರುತ್ತದೆ. ನೆರಳಿನಲ್ಲಿರುವ ಆಳದ ದೊಣೆ ಬೇಗ ಬತ್ತದು. ಲೋಟದಿಂದ ಮೊಗೆಯಿರಿ, ಕೈಯದ್ದಬೇಡಿ: ಮೈಗೆ ಹಚ್ಚಿದ ಸನ್‌ಸ್ಕ್ರೀನ್ ಅಲ್ಲಿನ ಪುಟ್ಟ ಸಿಗಡಿಗಳಿಗೆ ಮಾರಕ.

ಹೂಳುನೀರನ್ನು ನೇರ ಸುರಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಚಿಟಿಕೆ ಪಟಿಕ ಹಾಕಿ, ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ. ಆಮೇಲೆ 1 ನಿಮಿಷ ಕುದಿಸಿ. 2000 ಮೀಟರ್‌ಗಿಂತ ಎತ್ತರದಲ್ಲಿ 3 ನಿಮಿಷ. ಕುದಿಸಿದರೆ ರೋಗಾಣು ಸಾಯುತ್ತವೆ, ಖನಿಜ ಹೋಗುವುದಿಲ್ಲ. ಅರಿಜೋನಾದ ಗ್ರ್ಯಾಂಡ್ ಕ್ಯಾನಿಯನ್ನಿನ ಹಾರ್ನ್ ಕ್ರೀಕ್ ಎಂಬ ತೊರೆಯ ನೀರಿನಲ್ಲಿ ಯುರೇನಿಯಂ ಇದೆ. ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ. ಇನ್ನು ಪಾಪಾಸುಕಳ್ಳಿ ಕಡಿದು ರಸ ಕುಡಿಯುವುದು ಸಿನಿಮಾದವರ ಉಪಾಯ. ವಾಂತಿಯಾಗಿ ಮೈಯಲ್ಲಿದ್ದ ನೀರೂ ಹೋದೀತು.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗು ಮಳೆಯ ಕಾಲ. ಎಲ್ಲೋ ದೂರದಲ್ಲಿ ಸುರಿದ ಮಳೆ ನೀವಿರುವ ಕಣಿವೆಗೆ ಪ್ರವಾಹವಾಗಿ ನುಗ್ಗಬಹುದು. ಮೇಲ್ಹರಿವಿನ ಕಡೆ ಮೋಡ ಕವಿದರೆ ಅಗೆತ ಬಿಟ್ಟು ಎತ್ತರಕ್ಕೆ ಹತ್ತಿ.